ಮೂರು ಕಾಲು ಹಳೆಯದು

ದಾವಣಗೆರೆಯ ಹಳೇಪೇಟೆಯಲ್ಲಿದ್ದ ಅಜ್ಜನ ಮನೆ ಪಾಲಾದಾಗ ನನಗೆ ಬಂದದ್ದು ಎರಡು ಸಾಮಾನು: ಒಂದು ಸಾಗುವಾನಿ ಮಂಚ, ಒಂದು ಗಲ್ಲಾಪೆಟ್ಟಿಗೆ. ಉಳಿದವರು ಕೇಳಲಿಲ್ಲ, ನಾನು ಬಿಡಲಿಲ್ಲ. ಮಂಚದ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಹಸಿ ಗೋಡೆಗೆ ತಾಗಿಕೊಂಡಿದ್ದ ಕಾಲು ಅದು. ಅಜ್ಜಿ ಅದರಡಿ ಎರಡು ಇಟ್ಟಿಗೆ ಕೊಟ್ಟು ಎಷ್ಟೋ ವರ್ಷ ಸಂಸಾರ ನಡೆಸಿದ್ದಳು.

ಮೊದಲು ಪೆಟ್ಟಿಗೆಯ ಮಾತು. ಅಜ್ಜ ಮಂಡಿಪೇಟೆಯಲ್ಲಿ ವ್ಯಾಪಾರಕ್ಕೆ ಕೂರುತ್ತಿದ್ದ. ಬಿಳಿ ಹಾಸಿನ ಗಾದಿ, ಬೆನ್ನಿಗೆ ಲೋಡು, ಮುಂದೆ ಇಳಿಜಾರಿನ ಡೆಸ್ಕು, ಬಲಗೈ ಪಕ್ಕದಲ್ಲಿ ಈ ಪೆಟ್ಟಿಗೆ. ಮುಚ್ಚಳ ಎತ್ತಿದರೆ ನಾಣ್ಯಕ್ಕೆ ಬಟ್ಟಲಿನಂತೆ ತೋಡಿದ ನಾಲ್ಕು ಕುಳಿ, ನೋಟಿಗೆ ಉದ್ದನೆಯ ಖಾನೆ, ಅದರ ಕೆಳಗೆ ಬೆರಳಿನಿಂದ ಒತ್ತಿದರೆ ಮಾತ್ರ ಸರಿಯುವ ಕಳ್ಳಖಾನೆ. ಇವತ್ತಿಗೂ ಮೂಗು ಹತ್ತಿರ ಒಯ್ದರೆ ತಾಮ್ರದ ವಾಸನೆ, ಶೇಂಗಾ ಚೀಲದ ವಾಸನೆ. ನಮ್ಮ ಮನೆಗೆ ತಂದು ಹಾಲಿನಲ್ಲಿಟ್ಟೆ. ಎಲ್ಲಿಟ್ಟರೂ ಹೊಂದಲಿಲ್ಲ. ಟೀಪಾಯಿಯ ಮೇಲೆ ಇಟ್ಟರೆ ಅಟ್ಟ ಹತ್ತಿದಂತೆ, ಸೋಫಾದ ಪಕ್ಕ ಇಟ್ಟರೆ ಕಾಲಿಗೆ ಎಡವುವಂತೆ. ತಿಂಗಳಾದ ಮೇಲೆ ಒಂದು ದಿನ ನೆಲ ಒರೆಸುತ್ತ ಅದರ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಮೊಣಕೈ ಮುಚ್ಚಳದ ಅಂಚಿಗೆ ಸರಿಯಾಗಿ ಬಂತು. ಪೆಟ್ಟಿಗೆ ಇದ್ದದ್ದೇ ನೆಲದ ಮೇಲೆ ಕೂತವನ ಅಳತೆಗೆ.

ಹಳೆಯ ಸಾಮಾನನ್ನು ಮನೆಗೆ ತರುವಾಗ ಅದರ ಜೊತೆ ಒಂದು ಕೂರುವ ರೀತಿಯೂ ಬರುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು. ಆ ರೀತಿ ನಮ್ಮ ಮನೆಯಲ್ಲಿ ಎಲ್ಲಿ ಉಳಿದಿದೆ ಎಂದು ಹುಡುಕಿದರೆ, ದೇವರ ಮನೆಯಲ್ಲಿ. ಈಗ ಪೆಟ್ಟಿಗೆ ಅಲ್ಲಿದೆ. ನಾಣ್ಯದ ಕುಳಿಗಳಲ್ಲಿ ಅರಿಸಿನ, ಕುಂಕುಮ, ಕರ್ಪೂರ, ಹೂಬತ್ತಿ. ನೋಟಿನ ಖಾನೆಯಲ್ಲಿ ಊದುಬತ್ತಿ. ಕಳ್ಳಖಾನೆಯಲ್ಲಿ ಏನಿದೆಯೆಂದು ಅತ್ತೆಯವರಿಗೆ ಮಾತ್ರ ಗೊತ್ತು. ದಿನಕ್ಕೆ ಎರಡು ಸಲ ಅದರ ಮುಚ್ಚಳ ತೆರೆಯುತ್ತದೆ.

ಮಂಚದ್ದು ಬೇರೆ ಕಥೆ. ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ. ನಮ್ಮ ಬಾಗಿಲು ಮೂರಡಿ, ಮೆಟ್ಟಿಲು ಇನ್ನೂ ಇಕ್ಕಟ್ಟು. ಹೇಗೆ ಬಂದೀತು ಎಂದು ಚಿಂತೆ ಮಾಡುತ್ತಿದ್ದಾಗ ನಮ್ಮ ಬಡಿಗೇರು ಸುತ್ತಿಗೆಯ ಹಿಂಬದಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಿದರು, ಬೆಣೆ ಕಳಚಿದವು, ಮಂಚ ಬಿಚ್ಚಿಕೊಂಡಿತು. ಇಡೀ ಮಂಚದಲ್ಲಿ ಒಂದು ಕಬ್ಬಿಣದ ಮೊಳೆ ಇಲ್ಲ. ಕಾಲಿನ ತೂತಿಗೆ ಅಡ್ಡಪಟ್ಟಿಯ ನಾಲಿಗೆ ಕೂಡಿಸಿ, ಬೆಣೆ ಬಡಿದು ಬಿಗಿ ಮಾಡಿದ್ದು. ನಮ್ಮ ಕಡೆ ಬೇಸಿಗೆಯ ಒಣಹವೆಗೆ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕುಗ್ಗಿದಾಗ ಬೆಣೆಗೆ ಇನ್ನೊಂದು ಏಟು ಹಾಕಿದರೆ ಮುಗಿಯಿತು. ಅಂಟು ಮತ್ತು ಸ್ಕ್ರೂಗಳ ಮೇಲೆ ನಿಂತ ಹೊಸ ಮಂಚಗಳು ಒಮ್ಮೆ ಕಿರುಗುಟ್ಟಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಉಳಿದದ್ದು ಗೆದ್ದಲು ತಿಂದ ಕಾಲು. ಬುಡದಲ್ಲಿ ಗುಂಡು, ಮೇಲೆ ಗಂಟೆ, ಅದರ ಮೇಲೆ ಬಳೆ ಬಳೆ ಕಡೆದ ಕೆಲಸ. ದಾವಣಗೆರೆಯಲ್ಲಿ ಕೇಳಿದ ಮೂವರೂ ಒಂದೇ ಮಾತು ಹೇಳಿದರು: ನಾಲ್ಕೂ ತೆಗೆದುಹಾಕಿ, ಚೌಕದ ಕಾಲು ಕೂರಿಸಿಬಿಡೋಣ. ಮನಸ್ಸು ಒಪ್ಪಲಿಲ್ಲ. ಕಾಲನ್ನು ಗೋಣಿಯಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ.

ಕಡೆದ ಕೆಲಸಕ್ಕೆ ಹರಿಹರ ಸರಿಯಾದ ಊರು ಎಂದು ನಾನು ನಂಬಿದ್ದಕ್ಕೆ ಕಾರಣವಿದೆ. ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ಸುಮ್ಮನೆ ಅರ್ಧ ಗಂಟೆ ಕೂತು ನೋಡಿ. ಕಂಬಗಳು ಕಲ್ಲಿನವು, ಆದರೆ ಮೈ ಮಾತ್ರ ಕಡೆದು ತೆಗೆದ ಮಂಚದ ಕಾಲಿನದೇ: ಗುಂಡು, ಗಂಟೆ, ಬಳೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಮೆತ್ತಗಿದ್ದಾಗಲೇ ತಿರುಗಿಸಿ ಕಡೆದಿದ್ದಾರೆ. ಏಳು ನೂರು ವರ್ಷ ದಾಟಿದ ಮೇಲೆ, 1941ರಲ್ಲಿ, ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲೇತು ಯಂತ್ರ. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತು ತಿರುಗುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಕೈಗಳು ಊರಿನಲ್ಲೇ ಇವೆ.

ಅಂಥ ಒಂದು ಕೈ ಸಿಕ್ಕಿತು. ಕಾರ್ಖಾನೆಯಲ್ಲಿ ದುಡಿದು, ಅದು ನಿಂತ ಮೇಲೆ ಮನೆಯ ಹಿಂದೆ ಸಣ್ಣ ಮರದ ಲೇತು ಇಟ್ಟುಕೊಂಡ ಹಿರಿಯರು. ಗೋಣಿ ಬಿಚ್ಚಿದೊಡನೆ ಕಾಲನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಕ್ಯಾಲಿಪರ್ ಹಿಡಿದು ಬಳೆ ಬಳೆಯ ಅಳತೆ ತೆಗೆದರು.

“ಯಜಮಾನ್ರೆ, ಇದೇ ಥರ ಆಗುತ್ತಾ?” ಎಂದೆ.

“ಯಾಕಾಗಲ್ಲ ತಾಯಿ? ಆದ್ರೆ ಹೊಸ ಮರ ಬ್ಯಾಡ. ಹಳೇ ತೊಲೆ ತರ್ರಿ. ಕುಗ್ಗೋದೆಲ್ಲ ಕುಗ್ಗಿರ್ತೈತಿ.”

ಕೆಡವಿದ ಮನೆಗಳ ಮರ ಮಾರುವಲ್ಲಿ ಒಂದು ಸಾಗುವಾನಿ ತೊಲೆಯ ತುಂಡು ಸಿಕ್ಕಿತು. ಎರಡನೇ ವಾರ ಹೋದಾಗ ಕಾಲು ಸಿದ್ಧವಾಗಿತ್ತು. ಹಳೆಯದರ ಪಕ್ಕ ಇಟ್ಟರೆ ಬಣ್ಣ ಒಂದೇ ಬೇರೆ. ಬಣ್ಣ ಹಚ್ಚಿ ಒಂದೇ ಥರ ಮಾಡಿಕೊಡಿ ಎಂದದ್ದಕ್ಕೆ ಅವರು ಒಪ್ಪಲೇ ಇಲ್ಲ. “ಬ್ಯಾಡ್ರಿ. ಹೊಸದು ಹೊಸದಂಗೆ ಕಾಣ್ಲಿ. ಬಿಸ್ಲು ಗಾಳಿ ಕುಡ್ಕೊಂತ ತಾನೇ ಕೂಡ್ಕೊಂತೈತಿ.”

ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಅದಕ್ಕೂ ಹಿಂದೆ ದೂರದ ದೊಡ್ಡ ಊರೊಂದರ ಅಂಗಡಿಯಲ್ಲಿ ನೂರು ವರ್ಷದ್ದು ಎಂಬ ಮಾತು ನಂಬಿ ಒಂದು ಆರಾಮ ಕುರ್ಚಿ ಕೊಂಡಿದ್ದೆ. ಮನೆಗೆ ತಂದು ಮಗುಚಿ ನೋಡಿದರೆ ಪ್ಲಸ್ ಗುರುತಿನ ಸ್ಕ್ರೂ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಕೈಹಿಡಿಯ ಮೇಲೆ ಮಾತ್ರವಲ್ಲ, ಯಾರ ಕೈಯೂ ತಾಗದ ಸಂದಿಯಲ್ಲೂ ಒಂದೇ ಸಮನೆ ಕಪ್ಪು. ನಿಜವಾದ ಹಳೆಯದು ಹಾಗಿರುವುದಿಲ್ಲ. ಕೈ ಬಿದ್ದಲ್ಲಿ ನುಣುಪು, ಕಾಲು ತಾಗಿದಲ್ಲಿ ಸವೆತ, ಒಳಗೆ ಒಣ ಮರದ ತನ್ನದೇ ಬಣ್ಣ. ಮೇಜಾದರೆ ಡ್ರಾಯರನ್ನು ಪೂರ್ತಿ ಹೊರಗೆಳೆದು ಹಿಂಬದಿ ನೋಡಬೇಕು. ಕೈಗರಗಸದ ಗೆರೆ ನೇರ, ಯಂತ್ರದ ಚಕ್ರಗರಗಸದ ಗೆರೆ ಬಿಲ್ಲಿನಂತೆ ಬಾಗಿರುತ್ತದೆ. ಸೂಜಿತೂತು ಕಂಡರೆ ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಹಿಟ್ಟು ಉದುರಿದರೆ ಹುಳು ಇನ್ನೂ ಇದೆ, ಅಂಥದ್ದು ಮನೆಯೊಳಗೆ ಬೇಡ. ಇನ್ನೊಂದು ವಿಷಯ: ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಕಲೆಗಾರಿಕೆಯ ವಸ್ತು ಪುರಾತನ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು, ಅಂಥದ್ದರ ವ್ಯಾಪಾರಕ್ಕೆ ಪರವಾನಗಿ ಬೇಕು. ಅಜ್ಜನ ಕಾಲದ್ದೆಲ್ಲ ಪುರಾತನವಲ್ಲ. ಆಗಬೇಕಾಗಿಯೂ ಇಲ್ಲ.

ಹಾಗೆಂದು ಮನೆಯೆಲ್ಲ ಹಳೆಯದರಿಂದ ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಓದುವ ಮಗಳಿಗೆ ಹೊಸ ಮೇಜು, ಎತ್ತರ ಹೊಂದಿಸುವ ಹೊಸ ಕುರ್ಚಿ ಕೊಡಿಸಿದ್ದೇನೆ. ಎಂಟು ಗಂಟೆ ಕೂರುವ ಬೆನ್ನಿಗೆ ಅಜ್ಜನ ಡೆಸ್ಕು ಅನ್ಯಾಯ. ಅಡುಗೆಮನೆಯ ಕಪಾಟು ನೀರಿಗೆ ತಡೆಯುವ ಪ್ಲೈವುಡ್ಡಿನದು. ಬಟ್ಟೆಗೆ, ಕಾಗದ ಪತ್ರಕ್ಕೆ ಅಪ್ಪ ಕೊಂಡ ಗೋದ್ರೇಜ್ ಬೀರು. ಆ ಕಂಪನಿ 1923ರಿಂದ ಉಕ್ಕಿನ ಬೀರು ಮಾಡುತ್ತಿದೆ, ಅದರಲ್ಲಿ ಗೆದ್ದಲಿಗೆ ಕೆಲಸವಿಲ್ಲ. ತೆಳುವಾದ ಪದರ ಅಂಟಿಸಿದ ಪುಡಿಹಲಗೆಯ ಸಾಮಾನಿನ ಮೇಲೆ ಮಾತ್ರ ನನಗೆ ವಿಶ್ವಾಸವಿಲ್ಲ. ಒಂದು ಬಕೆಟ್ಟು ನೀರು ಚೆಲ್ಲಿದರೆ ಉಬ್ಬಿ ನಿಲ್ಲುತ್ತದೆ, ಆಮೇಲೆ ಅದನ್ನು ಯಾವ ಬಡಿಗೇರೂ ಮುಟ್ಟುವುದಿಲ್ಲ. ಹಳೆಯದೋ ಹೊಸದೋ, ನಾನು ಕೇಳುವುದು ಎರಡೇ: ಇದನ್ನು ದಿನವೂ ಬಳಸುವವರು ಮನೆಯಲ್ಲಿ ಯಾರು? ಕೆಟ್ಟರೆ ರಿಪೇರಿ ಮಾಡುವವರು ಊರಲ್ಲಿ ಯಾರು?

ಮಂಚ ಈಗ ಹಾಲಿನ ಕಿಟಕಿಯ ಕೆಳಗಿದೆ. ಇದ್ದ ಸೋಫಾ ತಗ್ಗಾಗಿತ್ತು, ಅತ್ತೆಯವರು ಏಳುವಾಗ ಯಾರಾದರೂ ಕೈ ಕೊಡಬೇಕಿತ್ತು. ಮಂಚದ ಮೇಲಿಂದ ತಾವೇ ಏಳುತ್ತಾರೆ. ಮಧ್ಯಾಹ್ನ ಅಲ್ಲೇ ಕೂತು ಹೂ ಕಟ್ಟುತ್ತಾರೆ, ಸಂಜೆ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಅಲ್ಲಿಗೇ ಬರುತ್ತದೆ. ನಾಲ್ಕು ಮಳೆಗಾಲ ಕಳೆಯಿತು. ಹರಿಹರದ ಕಾಲು ಜೇನಿನ ಬಣ್ಣಕ್ಕೆ ತಿರುಗಿದೆ. ಉಳಿದ ಮೂರು ಇನ್ನೂ ಬೆಲ್ಲದ ಬಣ್ಣದವು.

ಹಳೇಪೇಟೆಯ ಓಣಿಗಳಲ್ಲಿ ಮನೆ ಕೆಡವುವುದು ನಿಂತಿಲ್ಲ. ನಿಮ್ಮ ಬಂಧುಗಳದ್ದೊಂದು ಕೆಡವುವುದಿದ್ದರೆ, ಗುಜರಿಯವರ ಗಾಡಿ ಬರುವ ಮುಂಚೆ ಟೇಪು ಹಿಡಿದು ಒಮ್ಮೆ ಹೋಗಿಬನ್ನಿ. ಇಡಲು ಜಾಗ, ಕೊಡಲು ಕೆಲಸ ಎರಡೂ ಇದ್ದರೆ, ಕಾಲು ಮುರಿದಿದೆ ಎಂದು ಬಿಟ್ಟುಬರಬೇಡಿ. ಹರಿಹರ ಇಲ್ಲಿಂದ ಸುಮಾರು 14 ಕಿಲೋಮೀಟರು.