ವೇಷಗಾರ ಗಿಡಗಳು

ರಾಮನಗರದ ಬಂಡೆಗಳಿಗೆ ವೇಷ ಹೊಸದಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಅವು ರಾಮಗಢವಾಗಿ ಮೆರೆದವು, ಅದು ಉತ್ತರದ ಡಕಾಯಿತರ ಸೀಮೆಯೇ ಎಂದು ದೇಶವೆಲ್ಲ ನಂಬಿತು. ಆದರೆ ಈ ಸೀಮೆಯಲ್ಲಿ ಬೇರೂರಿರುವ ಆಸ್ಟ್ರೇಲಿಯಾ ಮೂಲದ ಗಿಡಮರಗಳ ವೇಷದ ಮುಂದೆ ಅದೇನೂ ಅಲ್ಲ. ಹೂವು ನೋಡಿ ಗಿಡ ಗುರುತಿಸುವ ಹುಚ್ಚಿನವರು ಇವುಗಳೆದುರು ತಬ್ಬಿಬ್ಬಾಗಲೇಬೇಕು.

ನೀಲಗಿರಿಯನ್ನೇ ನೋಡಿ. ಅದರ ಹೂವಿನಲ್ಲಿ ಎಸಳು ಹುಡುಕಿದರೆ ಸಿಗುವುದಿಲ್ಲ. ಮೊಗ್ಗಿನ ತಲೆಯ ಮೇಲೊಂದು ಚೂಪಾದ ಕುಲಾವಿ. ಅರಳುವ ಹೊತ್ತಿಗೆ ಅದು ಕಳಚಿ ಬಿದ್ದು, ಒಳಗಿಂದ ಕೇಸರಗಳ ಬಿಳಿ ಕುಚ್ಚು ಬಿಚ್ಚಿಕೊಳ್ಳುತ್ತದೆ. ಹೂವಾದ ಮರದ ಬುಡದಲ್ಲಿ ತರಗೆಲೆ ಸರಿಸಿದರೆ ಉದುರಿದ ಕುಲಾವಿಗಳು ಕಾಣಸಿಗುತ್ತವೆ. ಅಕೇಶಿಯಾದ ಉದ್ದನೆಯ ‘ಎಲೆ’ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ನಂಬಿಕೆ ಬಾರದಿದ್ದರೆ ಎಳೆಯ ಸಸಿಯನ್ನು ನೋಡಬೇಕು: ಮೊದಲ ಎಲೆಗಳು ಜಾಲಿಯ ಹಾಗೆ ಗರಿಗರಿ, ಆಮೇಲಿನವುಗಳಲ್ಲಿ ತೊಟ್ಟು ಅಗಲವಾಗಿ ತುದಿಯಲ್ಲಿ ಪುಟ್ಟ ಗರಿ, ಕೊನೆಗೆ ಬರೀ ತೊಟ್ಟು. ಸಿಲ್ವರ್ ಓಕ್ ಓಕ್ ಅಲ್ಲ. ಸರ್ವೆಯ ಸೂಜಿಗಳೂ ಎಲೆಗಳಲ್ಲ, ಹಸಿರು ಕಡ್ಡಿಗಳು.

ಇವೆಲ್ಲ ಮನುಷ್ಯರ ಕೈ ಹಿಡಿದು ಬಂದವು. ನೀಲಗಿರಿಯನ್ನು 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದನೆನ್ನುತ್ತಾರೆ; 2017ರಲ್ಲಿ ಸರ್ಕಾರ ಹೊಸದಾಗಿ ನೆಡಬೇಡಿ ಎಂದಿತು. ನಡುವಿನ ಕಾಲದಲ್ಲಿ ಎಷ್ಟು ಹೊಲಗಳು ನೀಲಗಿರಿ ತೋಪಾದವು ಎಂಬುದನ್ನು ಬಯಲುಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ನನ್ನ ಮೆಚ್ಚಿನ ವೇಷಗಾರ ಮಾತ್ರ ಬಂದರಿಕೆ. ಮಾಗಡಿಯ ಸಾವನದುರ್ಗದ ಸುತ್ತ, ಕನಕಪುರದ ಕುರುಚಲಿನಲ್ಲಿ, ಕಲ್ಲುಸಂದಿಯಲ್ಲಿ ಆಳೆತ್ತರಕ್ಕೆ ಬೆಳೆಯುವ ಪೊದೆ. ಎಳೆ ಎಲೆ ವಾರ್ನಿಷ್ ಬಳಿದಂತೆ ಮಿರಮಿರ, ಮುಟ್ಟಿದರೆ ಅಂಟು. ಮಳೆ ನಿಂತ ಮೇಲೆ ಒಮ್ಮೆ ಅಕ್ಕನ ಮಗಳ ಜೊತೆ ಆ ಕಡೆ ಹೋಗಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ಹುಡುಗಿ. ಪೊದೆಯ ತುಂಬ ಕೆಂಪು ಛಾಯೆಯ ಗೊಂಚಲು ನೋಡಿ, “ಎಷ್ಟು ಚೆಂದ ಹೂವು ಬಿಟ್ಟಿದೆ!” ಎಂದಳು.

ಮೇಕೆ ಮೇಯಿಸುತ್ತಿದ್ದ ಮುದುಕರು ನಕ್ಕರು. “ಹೂವಲ್ಲ ಕಣವ್ವ, ಕಾಯಿ. ಹೂವ ಯಾವಾಗ್ಲೋ ಮುಗ್ದೋಯ್ತು.”

ನಿಜ. ಬಂದರಿಕೆಯ ಹೂವು ಹಸಿರು-ಹಳದಿ, ಚಿಕ್ಕದು, ಎಸಳಿಲ್ಲದ್ದು. ಪರಾಗ ಒಯ್ಯುವುದು ಗಾಳಿಯ ಕೆಲಸ, ಹಾಗಾಗಿ ಯಾರಿಗೂ ಬಣ್ಣ ತೋರಿಸುವ ಹಂಗಿಲ್ಲ. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿರುವುದೇ ಹೆಚ್ಚು. ಕಣ್ಣಿಗೆ ಬೀಳುವುದು ಆಮೇಲಿನ ಕಾಯಿ: ಕಾಗದದಷ್ಟು ತೆಳುವಾದ, ಸಾಮಾನ್ಯವಾಗಿ ಮೂರು ರೆಕ್ಕೆಗಳದ್ದು. ಅಂಟುವಾಳದ ಕುಟುಂಬಕ್ಕೆ ಸೇರಿದ್ದೆಂದು ಆ ಕಾಯಿ ನೋಡಿ ಯಾರೂ ಹೇಳಲಾರರು.

“ಮೇಕೆ ತಿನ್ನಲ್ವಾ ತಾತ?”

“ಮೂಸ್ತವೆ, ಬಿಡ್ತವೆ. ಅದಕ್ಕೇ ಇಷ್ಟೊಂದು ಉಳ್ಕಂಡದೆ.”

ಕುರುಚಲು ಕಾಡಿನ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ಪುಸ್ತಕವನ್ನು ನಾನು ಕಂಡಿಲ್ಲ. ಪುಸ್ತಕವೇ ಬೇಕೆನ್ನುವವರಿಗೆ ರಾಮಸ್ವಾಮಿ ಮತ್ತು ರಾಜಿ ಅವರ ಬೆಂಗಳೂರು ಜಿಲ್ಲೆಯ ಸಸ್ಯಸಂಪುಟವಿದೆ, 1973ರದ್ದು. ಆಗ ಈ ತಾಲ್ಲೂಕುಗಳೆಲ್ಲ ಅದೇ ಜಿಲ್ಲೆ. ಆಮೇಲೆ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ. ವೇಷ ಬದಲಿಸುವುದರಲ್ಲಿ ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿಲ್ಲ.

ಬಂದರಿಕೆಯ ದೊಡ್ಡ ವೇಷ ಬಯಲಾದದ್ದು ಈಚೆಗೆ. ಅದರ ಕುಲದ ಬಹುಪಾಲು ಜಾತಿಗಳಿರುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿಗೆ ಬಂದು ನೆಲೆಸಿದ ಬಿಳಿಯರು ಬಿಯರಿನ ಹಾಪ್ಸ್‌ಗೆ ಬದಲಾಗಿ ಇದರ ಕಾಯಿಯನ್ನೇ ಬಳಸುತ್ತಿದ್ದರು. ಇದು ಹುಟ್ಟಿದ್ದೂ ಅಲ್ಲೇ, ಲೋಕಕ್ಕೆಲ್ಲ ಹರಡಿದ್ದೂ ಅಲ್ಲಿಂದಲೇ ಎಂದು ವಂಶವಾಹಿಗಳ ಜಾಡು ಹಿಡಿದು ಹೋದ ಸಂಶೋಧಕರು 2009ರಲ್ಲಿ ಬರೆದರು. ಮನುಷ್ಯ ಹಡಗು ಕಟ್ಟುವುದಕ್ಕೆ ಎಷ್ಟೋ ಮೊದಲೇ ಬೀಜಗಳು ಕಡಲು ದಾಟಿದ್ದವು.

ಹುಡುಗಿಯ ನೋಟ್‌ಬುಕ್ಕಿನಲ್ಲಿ ‘ಸ್ವದೇಶಿಯೋ ವಿದೇಶಿಯೋ’ ಎಂಬ ಕಾಲಂ ಇತ್ತು. ನಾನು ಇಷ್ಟನ್ನೂ ಹೇಳಿದ ಮೇಲೆ ಪೆನ್ನು ಕಚ್ಚುತ್ತ ಕುಳಿತಳು. ಮುದುಕರು, “ನಮ್ ತಾತನ್ ಕಾಲ್ದಿಂದ್ಲೂ ಅದೆ, ನಮ್ದೇ ಅಂತ ಬರ್ಕೊ” ಎಂದರು. ಸಸ್ಯಶಾಸ್ತ್ರದ ಲೆಕ್ಕವೂ ಅದೇ: ಮನುಷ್ಯ ತಂದದ್ದು ವಿದೇಶಿ, ತಾನಾಗಿ ಬಂದದ್ದು ಸ್ವದೇಶಿ. ಅವಳು ಬರೆದುಕೊಂಡಳು.