ಸರ್ವೀಸ್ ಚೇಂಜ್

ಹಸಿ ಅಡಿಕೆ ಸುಲಿದ ಕೈಯ ಕಲೆ ಸೋಪಿಗೆ ಹೋಗುವುದಿಲ್ಲ. ಸಿಪ್ಪೆಯ ರಸ ಹೆಬ್ಬೆರಳಿನ ಸಂದಿಗೆ ಹತ್ತಿ ಕಪ್ಪಾಯಿತೆಂದರೆ ಸುಲಿತ ಮುಗಿಯುವವರೆಗೂ ಅಲ್ಲೇ ಇರುತ್ತದೆ. 1991ರ ಚಳಿಗಾಲದಲ್ಲಿ ಸಾಗರದ ನಮ್ಮ ಕಾಲೇಜು ವಾಲಿಬಾಲ್ ತಂಡದ ಹನ್ನೆರಡು ಹುಡುಗರಲ್ಲಿ ಏಳು ಜನರ ಕೈ ಹಾಗಿತ್ತು. ಆಗಿನ ಚೆಂಡು ಬಿಳಿ ಚರ್ಮದ್ದು. ಎರಡು ಸೆಟ್ ಆಡುವುದರೊಳಗೆ ಅದರ ಮೇಲೆ ನಮ್ಮ ಬೆರಳುಗಳೆಲ್ಲ ಮೂಡಿರುತ್ತಿದ್ದವು. ಎದುರಿನವರು ಅಂಪೈರ್ ಹತ್ತಿರ ಹೋಗಿ ಚೆಂಡು ಬದಲಿಸಿ ಎಂದು ಕೇಳಿದ್ದೂ ಉಂಟು.

ನಾನು ನಗರ ಹೋಬಳಿಯವನು. ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿಯ ಕೈಸೇರಿ ಹೈದರ್‌ನಗರವಾಗಿ, ಕೊನೆಗೆ ಬರೀ ನಗರ ಎಂದು ಉಳಿದ ಊರು. ನಮ್ಮಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ಕಳೆಯುವವರೆಗೆ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಇಟ್ಟರೆ ಪಾಚಿ ಜಾರಿಸುತ್ತದೆ. ಆ ನಾಲ್ಕು ತಿಂಗಳು ನಮ್ಮ ಅಭ್ಯಾಸವೆಂದರೆ ಕೊಟ್ಟಿಗೆಯ ಗೋಡೆಗೆ ಚೆಂಡು ಹೊಡೆದು ಎರಡೂ ಕೈ ಜೋಡಿಸಿ ಎತ್ತುವುದು, ಅಷ್ಟೇ. ಮಾಡು ತಗ್ಗು, ಜಿಗಿದರೆ ತಲೆ ತಾಗುತ್ತದೆ. ಹಾಗಾಗಿ ಮಲೆನಾಡಿನ ಹುಡುಗರಿಗೆ ಶಾಟ್ ಹೊಡೆಯುವುದಕ್ಕಿಂತ ಮೊದಲು ಬಿದ್ದ ಚೆಂಡನ್ನು ಎತ್ತುವುದು ಬರುತ್ತಿತ್ತು. ಈ ಸಂಗತಿಯನ್ನು ನಾನು ಮುಂದೆ ಹೇಳುವುದಕ್ಕೆ ಬೇಕಾಗಿ ಈಗಲೇ ಹೇಳಿಟ್ಟಿದ್ದೇನೆ.

ಕುವೆಂಪು ವಿಶ್ವವಿದ್ಯಾನಿಲಯ ಶಂಕರಘಟ್ಟದಲ್ಲಿ ಶುರುವಾದದ್ದು 1987ರಲ್ಲಿ. ಅದಕ್ಕೆ ಮೊದಲು ನಮ್ಮ ಕಾಲೇಜುಗಳೆಲ್ಲ ಮೈಸೂರಿನ ಕೆಳಗಿದ್ದವು. ಅಂತರಕಾಲೇಜು ಪಂದ್ಯಗಳಿಗೆ ಹೊಸ ವಿಶ್ವವಿದ್ಯಾನಿಲಯ ತಂದ ದೊಡ್ಡ ಭಾಗ್ಯವೆಂದರೆ ಅದರ ವ್ಯಾಪ್ತಿ. ಶಿವಮೊಗ್ಗ, ಚಿಕ್ಕಮಗಳೂರು ಎಂಬ ಮಳೆಯ ಜಿಲ್ಲೆಗಳ ಜೊತೆಗೆ ಬಯಲುಸೀಮೆಯ ಚಿತ್ರದುರ್ಗವೂ ಅದರಲ್ಲಿತ್ತು. ದಾವಣಗೆರೆ ಆಗ ಇನ್ನೂ ಚಿತ್ರದುರ್ಗ ಜಿಲ್ಲೆಯದೇ ಊರು. ತೀರ್ಥಹಳ್ಳಿಯ ತುಂಗಾ ಕಾಲೇಜಿನವರು, ಶಿವಮೊಗ್ಗದ ಸಹ್ಯಾದ್ರಿಯವರು, ಭದ್ರಾವತಿಯವರು, ದಾವಣಗೆರೆಯ ಆಜಾನುಬಾಹುಗಳು, ಎಲ್ಲರೂ ಒಂದೇ ಅಂಕಣಕ್ಕೆ ಬರುತ್ತಿದ್ದರು. ಒಂದೊಂದು ವರ್ಷ ಒಂದೊಂದು ಕಾಲೇಜಿನ ಆತಿಥ್ಯ. ಮೊದಲು ನಾಕೌಟ್, ಉಳಿದ ನಾಲ್ಕು ತಂಡಗಳಿಗೆ ಲೀಗ್. ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತಿತ್ತು.

ವಾರ ಯಾಕೆ ಹಿಡಿಯುತ್ತಿತ್ತು ಎನ್ನುವುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ಸರ್ವೀಸ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಪಾಯಿಂಟ್. ಎದುರಿನವರು ಚೆಂಡನ್ನು ಗೆದ್ದರೆ ಅವರಿಗೆ ಸಿಗುವುದು ಸರ್ವೀಸ್ ಮಾತ್ರ, ಪಾಯಿಂಟ್ ಅಲ್ಲ. ಅಂಪೈರ್ ಸೀಟಿ ಊದಿ ಕೈ ಆ ಕಡೆ ಚಾಚುತ್ತಿದ್ದರು, ಗ್ಯಾಲರಿ ಇಲ್ಲದ ಮೈದಾನದ ಸುತ್ತ ನಿಂತವರೆಲ್ಲ ‘ಸರ್ವೀಸ್ ಚೇಂಜ್!’ ಎಂದು ಕೂಗುತ್ತಿದ್ದರು. ಹದಿನೈದು ಪಾಯಿಂಟಿನ ಸೆಟ್ಟು. ಚೇಂಜು, ಮತ್ತೆ ಚೇಂಜು, ಮತ್ತೆ ಚೇಂಜು. ಬೋರ್ಡಿನ ಅಂಕಿ ಕದಲದೆ ಹತ್ತು ನಿಮಿಷ ಕಳೆದದ್ದನ್ನು ನಾನು ಕಂಡಿದ್ದೇನೆ. ಐದನೇ ಸೆಟ್ಟಿನಲ್ಲಿ ಮಾತ್ರ ಯಾರು ಗೆದ್ದರೂ ಪಾಯಿಂಟ್ ಎಂಬ ನಿಯಮ 1988ರಲ್ಲಿ ಬಂದಿತ್ತು, ಆದರೆ ನಮ್ಮಲ್ಲಿ ಐದು ಸೆಟ್ಟಿನ ಆಟ ಲೀಗಿಗೆ ಮಾತ್ರ.

1991ರ ಲೀಗಿನಲ್ಲಿ ನಮಗೂ ದಾವಣಗೆರೆಯ ಒಂದು ಕಾಲೇಜಿಗೂ ಆಟ ಬಿತ್ತು. ಅವರಲ್ಲಿ ಒಬ್ಬ ಜಗಳೂರು ಕಡೆಯವನು, ಆರಡಿ ಮೇಲಿದ್ದ. ಅವನು ನೆಟ್ಟಿನ ಮೇಲೆ ಎದೆಮಟ್ಟ ಏಳುತ್ತಿದ್ದ ಎಂದರೆ ಉತ್ಪ್ರೇಕ್ಷೆ, ಆದರೆ ಕೆಳಗೆ ನಿಂತ ನಮಗೆ ಹಾಗೆಯೇ ಕಾಣುತ್ತಿತ್ತು. ನಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಜಿಮ್ಮಿ ಜಾರ್ಜ್ ಚಿತ್ರವಿತ್ತು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಕಂಚು ತಂದ ತಂಡದವನು, ಇಟಲಿಯ ಕ್ಲಬ್ಬಿಗೆ ಆಡುತ್ತಿದ್ದಾಗ ಮರುವರ್ಷವೇ ಅಲ್ಲಿನ ರಸ್ತೆ ಅಪಘಾತದಲ್ಲಿ ತೀರಿಕೊಂಡ ಕೇರಳದ ಹುಡುಗ. ಈ ಜಗಳೂರಿನವನು ಗಾಳಿಯಲ್ಲಿ ನಿಂತಾಗ ನನಗೆ ಆ ಚಿತ್ರ ನೆನಪಾಯಿತು.

ಎರಡನೇ ಸೆಟ್ಟಿನಲ್ಲಿ ನಾವು 4–13ರಲ್ಲಿ ಹಿಂದಿದ್ದೆವು. ಆಮೇಲೆ ಎತ್ತಲು ಶುರುಮಾಡಿದೆವು. ಬೇರೆ ಏನೂ ಮಾಡಲಿಲ್ಲ. ಅವನ ಶಾಟ್ ಬರಲಿ, ಎತ್ತು. ಇನ್ನೊಮ್ಮೆ ಬರಲಿ, ಎತ್ತು. ಸಾಗರದ ಜಂಬಿಟ್ಟಿಗೆ ಮಣ್ಣಿನ ಮೇಲೆ ಮೊಣಕೈ ಮೊಣಕಾಲು ಕೆತ್ತಿಹೋದವು. ಸರ್ವೀಸ್ ಅವರ ಕೈಯಲ್ಲಿದ್ದಾಗಲೆಲ್ಲ ಕಿತ್ತುಕೊಳ್ಳುತ್ತಿದ್ದೆವು, ನಮ್ಮ ಕೈಗೆ ಬಂದಾಗ ಐದಾರು ಸಲಕ್ಕೆ ಒಂದು ಪಾಯಿಂಟ್. ಬಿಸಿಲು ಇಳಿಯಿತು. ಅವನ ಜಿಗಿತ ಒಂದು ಗೇಣು ಕಡಿಮೆಯಾಯಿತು, ಮತ್ತೊಂದು ಗೇಣು ಕಡಿಮೆಯಾಯಿತು. 15–13ರಲ್ಲಿ ನಾವು ಸೆಟ್ಟು ಗೆದ್ದಾಗ ಬೆಳಕು ಸಾಲದೆ ಆಟ ನಿಲ್ಲಿಸಿ ಮರುದಿನ ಬೆಳಗ್ಗೆ ಮುಂದುವರಿಸಿದರು. ಬೆಳಗ್ಗೆ ಇಬ್ಬನಿಗೆ ಚರ್ಮದ ಚೆಂಡು ನೀರು ಕುಡಿದು ಕಲ್ಲಾಗಿತ್ತು. ಕೊನೆಗೆ ಸೋತೆವು. ನಮ್ಮ ಲಿಫ್ಟರ್ ರಾತ್ರಿಯೇ ಊರಿಗೆ ಹೋಗಿದ್ದ, ಕೊನೆ ಕೊಯ್ಲಿಗೆ ಮರ ಹತ್ತುವವರು ಅವತ್ತೇ ಬರುತ್ತೇವೆಂದು ಹೇಳಿ ಕಳಿಸಿದ್ದರು. ಆ ಕಾಲದಲ್ಲಿ ಮರ ಹತ್ತುವವರನ್ನು ಕಾಯಿಸುವ ಧೈರ್ಯ ಯಾವ ಮನೆಗೂ ಇರಲಿಲ್ಲ. ಅವನ ಮೇಲೆ ಯಾರೂ ಸಿಟ್ಟಾಗಲಿಲ್ಲ.

ಆ ವಾರದಲ್ಲಿ ಹೊರಗಿನ ತಂಡಗಳಿಗೆ ಮಲಗಲು ಕ್ಲಾಸ್‌ರೂಮು. ಬೆಂಚು ಜೋಡಿಸಿ ಜಮಖಾನ ಹಾಸಿದರೆ ಆಯಿತು. ಮಲೆನಾಡಿನ ಡಿಸೆಂಬರ್ ಚಳಿ ಬಯಲುಸೀಮೆಯವರಿಗೆ ಹೊಸದು, ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಅದನ್ನು ನೋಡಲಾಗದೆ ನಮ್ಮ ಹುಡುಗರು ಇಬ್ಬರು ಮೂವರನ್ನು ತಮ್ಮ ಮನೆಗೆ, ನೆಂಟರ ಮನೆಗೆ ಕರೆದೊಯ್ಯುವುದು ರೂಢಿಯಾಯಿತು. ಪಂದ್ಯ ಮುಗಿದ ಶನಿವಾರ ಜಗಳೂರಿನವನೂ ಅವನ ಗೆಳೆಯನೂ ನನ್ನ ಜೊತೆ ಬಸ್ಸು ಹತ್ತಿ ಹೊಸನಗರದ ಮೇಲಿಂದ ನಮ್ಮ ಮನೆಗೆ ಬಂದರು. ನಗರದ ಕೋಟೆ ತೋರಿಸಿದೆ, ದೇವಗಂಗೆಯ ಕೊಳ ತೋರಿಸಿದೆ. ವರ್ಷವಿಡೀ ನೀರು ಹರಿಯುವ ಆ ಕೊಳದ ಮೆಟ್ಟಿಲಲ್ಲಿ ಕುಳಿತವನು ಏಳಲೇ ಇಲ್ಲ. ‘ಇಷ್ಟು ನೀರು ನಮ್ಮ ಕಡೆ ಇದ್ದಿದ್ರೆ ನಾನು ಬಾಲ್ ಆಡ್ತಿರ್ಲಿಲ್ಲ ಬಿಡಪ್ಪ, ಹೊಲ ಮಾಡ್ತಿದ್ದೆ’ ಅಂದ. ಅವರ ಮನೆಯದು ಮಳೆ ನಂಬಿದ ಶೇಂಗಾ ಹೊಲ.

ರಾತ್ರಿ ಜಗಲಿಯಲ್ಲಿ ಸುಲಿತ. ಗ್ಯಾಸ್‌ಲೈಟಿನ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ. ಅವನು ನಾನೂ ಸುಲಿಯುತ್ತೇನೆಂದು ಕುಳಿತ. ಆ ಭಾರೀ ಕೈಗೆ ಒಂದು ಕಾಯಿ ಸುಲಿಯಲು ಎರಡು ನಿಮಿಷ ಬೇಕಾಯಿತು. ಅಮ್ಮ ಊಟಕ್ಕೆ ಅಪ್ಪೆಹುಳಿ ಬಡಿಸಿದಾಗ ‘ಅವ್ವಾ, ಇದು ಸಾರಾ, ಕುಡಿಯೋದಾ?’ ಎಂದು ಕೇಳಿ ಮೂರು ಲೋಟ ಕುಡಿದ. ಹೋಗುವಾಗ ಅವನ ಬೆರಳೂ ಕಪ್ಪಾಗಿದ್ದವು.

1998ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ ಆಟವನ್ನು ಬುಡದಿಂದಲೇ ಬದಲಿಸಿತು. ಯಾರ ಸರ್ವೀಸ್ ಇದ್ದರೂ ಚೆಂಡು ಗೆದ್ದವರಿಗೆ ಪಾಯಿಂಟ್. ನಾಲ್ಕು ಸೆಟ್ಟು ಇಪ್ಪತ್ತೈದಕ್ಕೆ, ಐದನೆಯದು ಹದಿನೈದಕ್ಕೆ. ಆಟ ಯಾವಾಗ ಮುಗಿಯುತ್ತದೆಂದು ತಿಳಿಯದೆ ಟೆಲಿವಿಷನ್‌ನವರು ಒದ್ದಾಡುತ್ತಿದ್ದುದೇ ಮುಖ್ಯ ಕಾರಣ. ಬಿಳಿ ಚೆಂಡು ಹೋಗಿ ಬಣ್ಣದ ಚೆಂಡು ಬಂದದ್ದೂ ಆಗಲೇ. ನಮ್ಮ ಕಡೆಗೆ ಇದು ತಲುಪಲು ಒಂದೆರಡು ವರ್ಷ ಬೇಕಾಯಿತು. ನಾನಾಗ ಊರಿನ ತೋಟ ನೋಡಿಕೊಂಡು, ಗದ್ದೆ ಕೊಯ್ಲಾದ ಮೇಲೆ ನಡೆಯುವ ಹಳ್ಳಿ ಪಂದ್ಯಗಳಿಗೆ ಸ್ಕೋರರ್ ಆಗಿ ಕೂರುತ್ತಿದ್ದೆ. ಹೊಸ ನಿಯಮದ ಮೊದಲ ಪಂದ್ಯದಲ್ಲಿ ಹಳೆಯ ಆಟಗಾರರೊಬ್ಬರು ಸರ್ವ್ ಮಾಡಿದ ಚೆಂಡು ನೆಟ್ಟಿಗೆ ಬಿತ್ತು. ನಾನು ಎದುರಿನವರಿಗೆ ಅಂಕ ತಿರುಗಿಸಿದೆ. ಅವರು ಅಂಕಣ ಬಿಟ್ಟು ನೇರ ನನ್ನ ಮೇಜಿಗೆ ಬಂದರು. ‘ಸರ್ವೀಸ್ ನಮ್ಮದಿತ್ತಲ್ಲ ಮಾರಾಯ, ಅವರಿಗೆ ಎಂತಕ್ಕೆ ಪಾಯಿಂಟು?’ ವಿವರಿಸಿ ಹೇಳಿದೆ. ಅವರು ಬೋರ್ಡನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ‘ಹಾಗಾದ್ರೆ ತಪ್ಪು ಮಾಡ್ಲಿಕ್ಕೇ ಇಲ್ಲ’ ಎಂದು ಹಿಂದೆ ಹೋದರು.

ಅವರು ಹೇಳಿದ್ದು ಸರಿ. ಹಳೆಯ ಲೆಕ್ಕದಲ್ಲಿ ಸರ್ವೀಸ್ ಕೈಯಲ್ಲಿದ್ದಾಗ ಮಾಡಿದ ತಪ್ಪಿಗೆ ತೆರಬೇಕಾದದ್ದು ಸರ್ವೀಸ್ ಒಂದೇ. 4–13ರಲ್ಲಿ ಇದ್ದವನಿಗೂ ಸಮಯ ಇರುತ್ತಿತ್ತು, ದಮ್ಮು ಇದ್ದರೆ ಸಾಕು. ಮಳೆಯಲ್ಲಿ ನಾಲ್ಕು ತಿಂಗಳು ಗೋಡೆಗೆ ಆಡಿದ ನಮ್ಮಂಥವರ ಆಟ ಅದು. ಹೊಸ ಲೆಕ್ಕದಲ್ಲಿ 8–17 ಆದರೆ ಸೆಟ್ಟು ಹೋದಂತೆಯೇ. ಜಿಗಿದು ಸರ್ವ್ ಹೊಡೆಯುವ, ಒಂದೇ ಏಟಿಗೆ ಮುಗಿಸುವ ತಂಡಕ್ಕೆ ಇದು ಹೇಳಿ ಮಾಡಿಸಿದ ನಿಯಮ. ನನಗೆ ಈಗಲೂ ಹಳೆಯದೇ ದೊಡ್ಡ ಆಟ ಅನ್ನಿಸುತ್ತದೆ, ಅದನ್ನು ಮುಚ್ಚಿಡಲಾರೆ.

ಆದರೆ ಅದೇ 1998ರಲ್ಲಿ ಲಿಬೆರೊ ಬಂದ. ಬೇರೆ ಬಣ್ಣದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಾತ್ರ ಆಡುವವನು. ಬ್ಲಾಕ್ ಮಾಡುವಂತಿಲ್ಲ, ನೆಟ್ಟಿನ ಮೇಲಿಂದ ಶಾಟ್ ಹೊಡೆಯುವಂತಿಲ್ಲ, ಎತ್ತುವುದೊಂದೇ ಕೆಲಸ. ನಾನು ಐದಡಿ ಮೂರಂಗುಲ. ಹಿಂದೆ ನಿಂತಾಗ ನಾನು ತಂಡದ ಕಂಬ. ಸರದಿ ತಿರುಗಿ ಮುಂದಿನ ಸಾಲಿಗೆ ಬಂದೊಡನೆ 2.43 ಮೀಟರ್ ನೆಟ್ಟಿನ ಕೆಳಗೆ ನಾನು ತೂತು, ಎದುರಿನವರು ನನ್ನ ತಲೆಯ ಮೇಲಿಂದಲೇ ಹೊಡೆಯುತ್ತಿದ್ದರು. ಕೋಚ್ ನನ್ನನ್ನು ಹೊರಗೆ ಕೂರಿಸುವಾಗ ಅವರ ಮುಖದಲ್ಲಿ ಬೇಸರ ಇರುತ್ತಿತ್ತು. ನಾನು ಕಾಲೇಜು ಬಿಟ್ಟು ಐದು ವರ್ಷಕ್ಕೆ ಆ ನಿಯಮ ಬಂತು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ತೋಟದಲ್ಲಿ ಬಹಳ ಹೊತ್ತು ಒಬ್ಬನೇ ಕುಳಿತಿದ್ದೆ.

2009ರಲ್ಲಿ ದಾವಣಗೆರೆಗೆ ಬೇರೆ ವಿಶ್ವವಿದ್ಯಾನಿಲಯವಾಯಿತು. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳು ಆ ಕಡೆಗೆ ಹೋದವು. ಅಲ್ಲಿನ ಹುಡುಗರಿಗೆ ಅದು ಆಗಲೇಬೇಕಿದ್ದ ಒಳ್ಳೆಯದು. ನಮ್ಮ ಅಂಕಣಕ್ಕೆ ಮಾತ್ರ ಬಯಲಿನ ತಂಡಗಳು ಬರುವುದು ನಿಂತಿತು. ಉಳಿದ ಕಾಲೇಜುಗಳ ಪಂದ್ಯ ಒಂದೆರಡು ದಿನದಲ್ಲಿ ಮುಗಿಯತೊಡಗಿತು. ಬೆಳಗ್ಗೆ ಟೆಂಪೋದಲ್ಲಿ ಬರುತ್ತಾರೆ, ಸೋತವರು ಮಧ್ಯಾಹ್ನದ ಊಟಕ್ಕೆ ತಮ್ಮೂರಿನಲ್ಲಿರುತ್ತಾರೆ. ಅಡಿಕೆ ಸುಲಿಯುವ ಯಂತ್ರವೂ ಬಂತು. ಜಗಲಿಯ ರಾತ್ರಿಗಳು ಹೋದವು, ಮಕ್ಕಳ ಕೈ ಬೆಳ್ಳಗಾಯಿತು, ಕೈ ಬೆಳ್ಳಗಿರುವ ಮಕ್ಕಳು ಬೆಂಗಳೂರಿಗೆ ಹೋದರು. ಹೊನಲು ಬೆಳಕಿನ ಪಂದ್ಯಗಳಲ್ಲಿ ಈಗ ಹಣಕೊಟ್ಟು ತರಿಸಿದ ಆಟಗಾರರೇ ಹೆಚ್ಚು. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಶುರುವಾದಾಗ ದಕ್ಷಿಣ ಕನ್ನಡದ ಅಶ್ವಲ್ ರೈ ನಾಯಕತ್ವದಲ್ಲಿ ಕೋಲ್ಕತ್ತ ತಂಡ ಗೆದ್ದದ್ದನ್ನು ಊರವರೆಲ್ಲ ಒಟ್ಟಿಗೆ ಟಿವಿಯಲ್ಲಿ ನೋಡಿದೆವು. ಅಲ್ಲಿ ಸೆಟ್ಟು ಮತ್ತೆ ಹದಿನೈದಕ್ಕೇ. ಆದರೆ ಈ ಹದಿನೈದು ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ.

ನಮ್ಮ ಕಾಲದಲ್ಲಿ ಹುಡುಗಿಯರಿಗೆ ಥ್ರೋಬಾಲ್ ಎಂದರೆ ಥ್ರೋಬಾಲ್. ಕಳೆದ ಡಿಸೆಂಬರ್‌ನಲ್ಲಿ ಹೊಸನಗರದ ಹತ್ತಿರ ಹುಡುಗಿಯರ ವಾಲಿಬಾಲ್ ಪಂದ್ಯಕ್ಕೆ ಸ್ಕೋರ್ ಬರೆಯಲು ಕರೆದಿದ್ದರು. ಒಂದು ತಂಡದ ಲಿಬೆರೊ, ಐದಡಿ ಇದ್ದಾಳೋ ಇಲ್ಲವೋ, ಹಳದಿ ಅಂಗಿ. ಪಕ್ಕದ ಗೆರೆಯ ಆಚೆ ಹೋಗುತ್ತಿದ್ದ ಚೆಂಡಿಗೆ ಮಣ್ಣಿನ ಮೇಲೆ ಉದ್ದಕ್ಕೆ ಹಾರಿ ಒಂದೇ ಕೈಯಲ್ಲಿ ಎತ್ತಿದಳು. ಚೆಂಡು ಸರಿಯಾಗಿ ಲಿಫ್ಟರ್ ತಲೆಯ ಮೇಲೆ ಬಂತು. ನಾನು ಬರೆಯುವುದನ್ನು ಮರೆತು ಎದ್ದು ನಿಂತಿದ್ದೆ.

ಆಟ ಮುಗಿದ ಮೇಲೆ ಅವಳು ಕೆರೆದುಹೋದ ಮೊಣಕೈಗೆ ನೀರು ಹಾಕಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದಳು. ‘ಮಾವ, ನೀವೂ ಆಡ್ತಿದ್ರಂತೆ. ಆಗ ಚೆಂಡು ಗೆದ್ರೂ ಪಾಯಿಂಟ್ ಕೊಡ್ತಿರ್ಲಿಲ್ವಂತೆ ಹೌದಾ?’

‘ಹೌದು’ ಅಂದೆ. ‘ಕೂತ್ಕೋ, ಹೇಳ್ತೇನೆ.’

ಅಷ್ಟರಲ್ಲಿ ಅವರ ಟೆಂಪೋ ಎರಡು ಸಲ ಹಾರನ್ ಮಾಡಿತು. ನೀರಿನ ಬಾಟಲಿ ನನ್ನ ಮೇಜಿನ ಮೇಲೆಯೇ ಬಿಟ್ಟು ಓಡಿದಳು.