ಹನ್ನೊಂದು ಹೆಸರುಗಳ ಚೀಟಿ

ದೇವರಾಜ ಮಾರುಕಟ್ಟೆಗೆ ಚಿಕ್ಕ ಗಡಿಯಾರದ ಕಡೆಯಿಂದ ಹೊಕ್ಕರೆ ಮೊದಲು ಎಚ್ಚರವಾಗುವುದು ಮೂಗು. ಮಲ್ಲಿಗೆ, ಮರುಗ, ಒದ್ದೆ ಗೋಣಿಚೀಲ, ಹಣ್ಣಾದ ರಸಬಾಳೆ, ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ, ಪುಟ್ಟ ಸೀಸೆಗಳಲ್ಲಿ ಅತ್ತರು. ಆ ಶುಕ್ರವಾರ ಸಂಜೆ ನನ್ನ ಜೇಬಿನಲ್ಲಿ ಒಂದು ಚೀಟಿ ಇತ್ತು. ಲಿಪಿ ಕನ್ನಡ, ಭಾಷೆ ಹೀಬ್ರೂ. ತ್ಸೊರಿ, ತ್ಸಿಪೋರೆನ್, ಖೆಲ್ಬೆನಾ, ಲೆವೋನಾ, ಮೋರ್, ಕೆತ್ಸಿಯಾ, ಶಿಬ್ಬೋಲೆತ್ ನೇರ್ದ್, ಕರ್ಕೋಮ್, ಕೋಶ್ತ್, ಕಿಲುಫಾ, ಕಿನಾಮೋನ್. ಒಟ್ಟು ಹನ್ನೊಂದು.

ಇದು ಯಹೂದಿಗಳ ಪ್ರಾರ್ಥನಾ ಪುಸ್ತಕದಿಂದ ಬರೆದುಕೊಂಡ ಪಟ್ಟಿ. ಜೆರುಸಲೇಮಿನ ದೇವಾಲಯದಲ್ಲಿ ಬೆಳಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಚಿನ್ನದ ಪೀಠದ ಮೇಲೆ ಧೂಪ ಹಾಕುತ್ತಿದ್ದರು. ಆ ಧೂಪದ ಹೆಸರು ಕೆತೋರೆತ್. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ದೇವಾಲಯವನ್ನು ಸುಟ್ಟಿತು. ಅಲ್ಲಿಗೆ ಹೊಗೆ ನಿಂತಿತು. ಆದರೆ ಅದನ್ನು ಮಾಡುವ ಕ್ರಮ ಬಾಯಿಯಲ್ಲಿ ಉಳಿಯಿತು. ಮೊದಲ ನಾಲ್ಕು ದ್ರವ್ಯ ಎಪ್ಪತ್ತೆಪ್ಪತ್ತು ಮಾನೆ ತೂಕ, ಆಮೇಲಿನ ನಾಲ್ಕು ಹದಿನಾರು ಹದಿನಾರು, ಕೋಶ್ತ್ 12, ಕಿಲುಫಾ 3, ಕಿನಾಮೋನ್ 9. ಕೂಡಿದರೆ 368. ವರ್ಷದ 365 ದಿನಕ್ಕೆ ದಿನಕ್ಕೊಂದು ಮಾನೆ, ಉಳಿದ ಮೂರು ಪ್ರಾಯಶ್ಚಿತ್ತದ ಮಹಾದಿನ ಯೋಮ್ ಕಿಪ್ಪುರ್‌ಗೆ. ಶತಮಾನಗಳಿಂದ ಆ ಜನ ಈ ತೂಕ, ಅಳತೆಗಳನ್ನೇ ಪ್ರಾರ್ಥನೆಯಾಗಿ ಹೇಳುತ್ತ ಬಂದಿದ್ದಾರೆ. ಸಾಮಾನಿನ ಪಟ್ಟಿಯೊಂದು ಸ್ತೋತ್ರವಾಗಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಂದು ದ್ರವ್ಯ ಬಿಟ್ಟು ಧೂಪ ಹಾಕಿದವನಿಗೆ ಮರಣದಂಡನೆ ಎಂದು ತಾಲ್ಮುದ್ ಗ್ರಂಥ ಹೇಳುತ್ತದೆ. ಆ ಭಯ ಬಾಯಿಪಾಠಕ್ಕೂ ಅಂಟಿಕೊಂಡಿದೆ. ಸೆಫಾರ್ದಿ ಯಹೂದಿಗಳಲ್ಲಿ ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಚಿ ಎಣಿಸುವವರಿದ್ದಾರೆ. ಎಲ್ಲಿ ಒಂದು ಹೆಸರು ಬಿಟ್ಟುಹೋದೀತೋ ಎಂಬ ಅಂಜಿಕೆಗೆ ಕೆಲವು ಪಂಗಡಗಳು ವಾರದ ದಿನಗಳ ಅವಸರದಲ್ಲಿ ಅದನ್ನು ಹೇಳುವುದೇ ಇಲ್ಲ, ಸಬ್ಬತ್ ಎಂಬ ವಿಶ್ರಾಂತಿ ದಿನದ ನಿಧಾನಕ್ಕೆಂದು ಉಳಿಸಿಕೊಳ್ಳುತ್ತಾರೆ.

ಮೈಸೂರಿನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಿಲ್ಲ. ಆದರೆ ಗ್ರಂಧಿಗೆ ಅಂಗಡಿಗಳಿವೆ. ಒಂದರ ಮುಂದೆ ನಿಂತು ಚೀಟಿ ಓದತೊಡಗಿದೆ. ಯಜಮಾನರಿಗೆ ಎಪ್ಪತ್ತರ ಮೇಲಿನ ವಯಸ್ಸು, ಹಣೆಯಲ್ಲಿ ವಿಭೂತಿ.

“ಕೋಶ್ತ್” ಅಂದೆ.

“ಕೋಷ್ಠ ಅನ್ನಿ ಸ್ವಾಮಿ. ಹಿಮಾಲಯದ ಬೇರು” ಎಂದು ಡಬ್ಬಿ ಇಳಿಸಿದರು.

ಮೈ ಜುಮ್ಮೆಂದಿತು. ನಾನು ಅನುವಾದ ಮಾಡಿ ಹೇಳಬೇಕೆಂದು ಹೋಗಿದ್ದೆ, ಅವರು ಉಚ್ಚಾರಣೆ ತಿದ್ದಿದರು! ಸಂಸ್ಕೃತದ ಕುಷ್ಠವೇ ಹೀಬ್ರೂವಿನ ಕೋಶ್ತ್. ಬೇರಿನ ಜೊತೆಗೇ ಹೆಸರೂ ಹಡಗು ಹತ್ತಿ ಹೋಗಿದೆ. ನೇರ್ದ್ ಎಂದರೆ ಜಟಾಮಾಂಸಿ, ಅದೂ ಹಿಮಾಲಯದ್ದೇ. ಸಂಸ್ಕೃತದ ನಲದದ ನೆರಳು ಆ ಹೆಸರಿನಲ್ಲಿದೆ. ಕಂದು ಕೂದಲಿನ ಗಂಟಿನಂಥ ಬೇರನ್ನು ಅವರು ಅಂಗೈಗೆ ಹಾಕಿದರು. ಮಳೆ ಬಿದ್ದ ಮಣ್ಣಿಗೆ ಹಳೆಯ ಪೆಟ್ಟಿಗೆಯ ವಾಸನೆ ಬೆರೆತ ಹಾಗಿತ್ತು. ಕರ್ಕೋಮ್ ಕೇಸರಿ, ಕಿನಾಮೋನ್ ದಾಲ್ಚಿನ್ನಿ, ಮೋರ್ ನಮ್ಮ ರಕ್ತಬೋಳ. ತ್ಸಿಪೋರೆನ್ ಎಂಬ ಮಾತಿಗೆ ಉಗುರು ಎಂದೇ ಅರ್ಥ, ಅದು ಸಮುದ್ರದ ಶಂಖುಹುಳುವಿನ ಬಾಯಿಮುಚ್ಚಳ ಎಂದು ಅನೇಕರ ಅಭಿಪ್ರಾಯ. ನಮ್ಮ ಹಳೆಯ ಗಂಧಶಾಸ್ತ್ರದಲ್ಲೂ ಅಂಥದೇ ಒಂದು ದ್ರವ್ಯವಿದೆ. ಅದರ ಹೆಸರು ನಖ!

ಖೆಲ್ಬೆನಾ ಸಿಗಲಿಲ್ಲ. ಅದು ಇಂಗಿನ ಕುಲದ ಗಿಡದ ಅಂಟು, ಘಾಟು ನಾತದ್ದು. ಪರಿಮಳದ ನಡುವೆ ನಾರುವ ವಸ್ತುವಿಗೇನು ಕೆಲಸ? ತಾಲ್ಮುದ್‌ನ ಪಂಡಿತರು ಕೊಡುವ ಉತ್ತರ ನನ್ನನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿತು. ತಪ್ಪು ಮಾಡಿದವರನ್ನು ಹೊರಗಿಟ್ಟು ಊರು ಉಪವಾಸ ಕೂತರೆ ಅದು ಉಪವಾಸವೇ ಅಲ್ಲ ಎನ್ನುತ್ತಾರೆ ಅವರು. ಜೇನುತುಪ್ಪದ ಮಾತೂ ಹಾಗೆಯೇ ವಿಚಿತ್ರ. ಒಂದು ತೊಟ್ಟು ಬೆರೆಸಿದ್ದರೆ ಆ ಪರಿಮಳದ ಮುಂದೆ ಯಾರೂ ನಿಲ್ಲಲಾಗುತ್ತಿರಲಿಲ್ಲವಂತೆ. ಆದರೂ ಬೆರೆಸುವಂತಿಲ್ಲ, ಬಲಿಪೀಠದಲ್ಲಿ ಜೇನನ್ನು ಸುಡಬಾರದೆಂದು ಧರ್ಮಗ್ರಂಥದ ಅಪ್ಪಣೆ. ನಮ್ಮ ಮಸಾಲೆ ಬತ್ತಿಯಲ್ಲಿ ಹಾಲುಮದ್ದಿಯ ಜೊತೆ ಜೇನು ಧಾರಾಳವಾಗಿ ಸೇರುತ್ತದೆ.

“ಪಟ್ಟೀಲಿ ಗಂಧ ಇಲ್ಲವಾ ಸ್ವಾಮಿ?” ಎಂದು ಯಜಮಾನರು ಕೇಳಿದರು. 1917ರಿಂದ ಗಂಧದೆಣ್ಣೆಯ ಕಾರ್ಖಾನೆ ಇರುವ ಊರಿನವರು ಕೇಳಬೇಕಾದ ಪ್ರಶ್ನೆಯೇ. ಇಲ್ಲ, ಶ್ರೀಗಂಧವಿಲ್ಲ. ಆದರೆ ಅಗರಬತ್ತಿಯ ಅಗರು ಹೀಬ್ರೂ ಧರ್ಮಗ್ರಂಥದ ಪ್ರೇಮಗೀತೆಗಳಲ್ಲಿ ಅಹಲೋತ್ ಎಂಬ ಹೆಸರಿನಲ್ಲಿ ಕೂತಿದೆ ಎಂದೆ. ಅವರು “ಅಗಿಲು” ಎಂದರು. ಅಹಲೋತ್‌ಗೆ ಆ ಹೆಸರು ನನ್ನ ಅಗರುವಿಗಿಂತ ಹತ್ತಿರವಿತ್ತು.

ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಹೊಗೆ ಬಂತು. ಹಸಿರು ರುಮಾಲಿನ ಸಾಬರೊಬ್ಬರು ಕೆಂಡದ ಬಟ್ಟಲು ಹಿಡಿದು, ಚಿಟಿಕೆ ಚಿಟಿಕೆ ಪುಡಿ ಉದುರಿಸುತ್ತ, ನವಿಲುಗರಿಯಿಂದ ಹೊಗೆಯನ್ನು ಒಂದೊಂದು ಅಂಗಡಿಗೂ ಬೀಸುತ್ತ ಬರುತ್ತಿದ್ದರು. ವಿಭೂತಿಯ ಯಜಮಾನರು ಎದ್ದು ನಿಂತು ಹೊಗೆಯನ್ನು ಎರಡೂ ಕೈಯಲ್ಲಿ ಗಲ್ಲಾಪೆಟ್ಟಿಗೆಯ ಕಡೆಗೆ ಎಳೆದುಕೊಂಡರು. “ಲೋಬಾನ. ವ್ಯಾಪಾರಕ್ಕೆ ಬರಕತ್ತು” ಎಂದರು.

ಲೋಬಾನ, ಬರಕತ್ತು. ಅರಬ್ಬಿಯ ಲುಬಾನ್ ಮತ್ತು ನನ್ನ ಚೀಟಿಯ ಲೆವೋನಾ ಒಂದೇ ಬೇರಿನವು, ಬಿಳುಪು ಎಂಬ ಅರ್ಥದಿಂದ ಹುಟ್ಟಿದವು. ಬರಕತ್ತಿಗೆ ಹೀಬ್ರೂವಿನ ಒಡಹುಟ್ಟು ಬ್ರಾಖಾ, ಅಂದರೆ ಆಶೀರ್ವಾದ. ಯಾವ ಪ್ರಾರ್ಥನೆಯನ್ನು ಪುಸ್ತಕದಲ್ಲಿ ಓದಿ ಬಂದಿದ್ದೆನೋ ಅದರ ಎರಡು ಮಾತು ಹೊಗೆಯ ಸಮೇತ ನನ್ನೆದುರು ನಡೆದುಬಂದಿದ್ದವು.

ಧೂಪಕ್ಕೂ ಸಿರಿಗೂ ಇರುವ ಈ ನಂಟನ್ನು ಯಹೂದಿಗಳೂ ನಂಬುತ್ತಾರೆ. ಚರ್ಮದ ಹಾಳೆಯ ಮೇಲೆ ಲಿಪಿಕಾರರಿಂದ ಕೆತೋರೆತ್ ಬರೆಸಿ, ಅದನ್ನು ನೋಡಿ ಓದಿದರೆ ಜೀವನೋಪಾಯ ಕೈಗೂಡುತ್ತದೆ ಎಂಬ ಪದ್ಧತಿ ಇಂದಿಗೂ ಇದೆ. ನಂಬಿಕೆಯ ಬೇರು ದೇವಾಲಯದ ಕಾಲದ್ದು. ಧೂಪ ಹಾಕಿದ ಅರ್ಚಕ ಸಿರಿವಂತನಾಗುತ್ತಾನೆ ಎಂಬುದು ಎಲ್ಲರ ಎಣಿಕೆ. ಹಾಗಾದರೆ ಆ ಕೆಲಸಕ್ಕೆ ಬಲವಿದ್ದವರು ಮುಗಿಬೀಳಬೇಕಿತ್ತಲ್ಲ? ಅದಕ್ಕೇ ಚೀಟಿ ಎತ್ತುತ್ತಿದ್ದರು. ಒಮ್ಮೆಯೂ ಧೂಪ ಹಾಕದ ಹೊಸಬರನ್ನಷ್ಟೇ ಕರೆಯುತ್ತಿದ್ದರು. ಒಬ್ಬನಿಗೆ ಎರಡನೆಯ ಸಲ ಸಿಕ್ಕಿದ್ದೇ ಇಲ್ಲ ಎನ್ನುತ್ತದೆ ತಾಲ್ಮುದ್. ಐಶ್ವರ್ಯದ ಬಗ್ಗೆ ನಾನು ಓದಿದ ನಿಯಮಗಳಲ್ಲಿ ಇಷ್ಟು ಚೆಂದದ್ದು ಬೇರೊಂದಿಲ್ಲ.

ಧೂಪ ಕೂಡಿಸುವ ಗುಟ್ಟು ಮಾತ್ರ ಅವ್ತಿನಾಸ್ ಎಂಬ ಒಂದೇ ಮನೆತನದ್ದು. ಕಲಿಸಲು ಒಪ್ಪದ ಅವರನ್ನು ಗ್ರಂಥಗಳು ನಿಂದಿಸುತ್ತವೆ. ಆದರೂ ಆ ಮನೆಯ ಹೆಂಗಸರು, ಮದುವಣಗಿತ್ತಿಯರೂ ಸಹ, ಮೈಗೆ ಪರಿಮಳ ಹಚ್ಚುತ್ತಿರಲಿಲ್ಲವಂತೆ. ದೇವರ ಧೂಪವನ್ನು ಕದ್ದರು ಎಂಬ ಮಾತು ಬರಬಾರದಲ್ಲ.

ಚೀಟಿಯ ಈ ಹೆಸರುಗಳು ಕರ್ನಾಟಕಕ್ಕೆ ಹೊಸವೇನಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಹೀಬ್ರೂವಿನಲ್ಲಿ ದೇವರ ಪದ್ಯ ಕಟ್ಟುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರದಲ್ಲಿ ದೊರೆತಿವೆ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ಗ್ರಂಥ ಬರೆದ. ಅದರಲ್ಲಿ ಧೂಪಕ್ಕೇ ಒಂದು ಪ್ರಕರಣವಿದೆ.

ಮಾರುಕಟ್ಟೆಯಿಂದ ಹೊರಬರುವ ಮೊದಲು ಬತ್ತಿ ಹೊಸೆಯುತ್ತಿದ್ದ ಅಕ್ಕನೊಬ್ಬರ ಮುಂದೆ ಕೂತೆ. ಬಿದಿರುಕಡ್ಡಿ, ಇದ್ದಿಲಪುಡಿಗೆ ಜಿಗಟು ಕಲಸಿದ ಕಪ್ಪು ಹಿಟ್ಟು, ಮಣೆ. ಅಂಗೈ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಂದು ಬತ್ತಿ. ಜೆರುಸಲೇಮಿನಲ್ಲಿ ಧೂಪ ಅರೆಯುವಾಗ ಪಕ್ಕದಲ್ಲಿ ನಿಂತು ನುಣ್ಣಗೆ ಅರೆಯೆಂದು ರಾಗವಾಗಿ ಹೇಳುತ್ತಿದ್ದರಂತೆ, ದ್ರವ್ಯಕ್ಕೆ ಮನುಷ್ಯನ ದನಿ ಒಳ್ಳೆಯದೆಂದು. ಈ ಅಕ್ಕ ಮೆಲ್ಲಗೆ ಗುನುಗುತ್ತಿದ್ದರು. ಎಷ್ಟು ವರ್ಷದಿಂದ ಈ ಕೆಲಸ ಎಂದು ಕೇಳಿದೆ. “ಲಂಗ ಹಾಕೋ ಕಾಲದಿಂದ” ಅಂದರು.

1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಶುರುಮಾಡಿದ ಸೈಕಲ್ ಬ್ರಾಂಡ್ ಇಂದು ದೇಶದೇಶಗಳಿಗೆ ಹೋಗುತ್ತದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಧೂಪ ಈ ಊರಿಗೆ ಸಿರಿ ತಂದದ್ದು ದಿಟ. ಆದರೆ ಮನೆಯಲ್ಲಿ ಕೂತು ಕೈಯಿಂದ ಬತ್ತಿ ಹೊಸೆಯುವವರಿಗೆ ಇಂದಿಗೂ ಕೂಲಿ ಸಾವಿರ ಬತ್ತಿಗೆ ಇಷ್ಟೆಂಬ ಲೆಕ್ಕದಲ್ಲೇ. ಇನ್ನೂ ಸರದಿ ಬಾರದವರನ್ನು ಮೊದಲು ಕರೆಯುವ ಆ ಹಳೆಯ ನಿಯಮ ಇಲ್ಲಿಗೂ ಬರಲಿ ಎಂಬುದೇ ನನ್ನ ಬೇಡಿಕೆ. ದೇವರಾಜ ಮಾರುಕಟ್ಟೆಗೆ ಹೋದರೆ, ಕೈಯಲ್ಲಿ ಹೊಸೆದ ಬತ್ತಿಯನ್ನು ಹೊಸೆದವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.